ಕಾಡಿಂದ ಬಂದವಳಿಗೆ ಪಾರ್ಕಲ್ಲೇನು ಕೆಲಸ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಕಡೆಯವಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಈ ವರ್ಷ ಎಂ.ಎಸ್ಸಿ.ಗೆ ಬೆಂಗಳೂರಿಗೆ ಬಂದಿದ್ದೇನೆ. ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿದರೆ ಸೋಮವಾರದವರೆಗೆ ಪಿ.ಜಿ. ರೂಮಲ್ಲಿ ಮೊಬೈಲ್ ನೋಡ್ತಾ ಕೂರೋದೇ ಆಗಿದೆ. ರೂಮ್‌ಮೇಟ್‌ಗಳು ಮಾಲ್‌ಗೆ ಕರೀತಾರೆ. ಹೋದರೆ ಐನೂರು, ಸಾವಿರ ಹೋಯ್ತು ಅಂತಲೇ ಲೆಕ್ಕ. ಪಾರ್ಕಿಗೆ ಹೋಗು ಅಂತ ಕೆಲವರು ಹೇಳ್ತಾರೆ. ಮನೆ ಹಿಂದೇನೇ ಕಾಡಿರೋರಿಗೆ ಪಾರ್ಕಲ್ಲಿ ನೋಡೋಕೆ ಏನಿದೆ ಸರ್? ನಾಟಕ, ಮ್ಯೂಸಿಯಂ ಅಂದ್ರೆ ಆಸೆ ಇದೆ. ಆದ್ರೆ ಒಬ್ಬಳೇ ಹೋಗೋಕೆ ಒಂಥರಾ ಸಂಕೋಚ. ಅಪ್ಪ, ಅಮ್ಮ ಬಂದರೆ ಎಲ್ಲಿಗೆ ಕರ್ಕೊಂಡು ಹೋಗಬೇಕು ಅಂತಾನೂ ಗೊತ್ತಿಲ್ಲ. ಅಪ್ಪನಿಗೆ ಅಡಿಕೆ ತೋಟ ಬಿಟ್ಟರೆ ಬೇರೆ ಪ್ರಪಂಚ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ಪಾರ್ಕಿನ ಮಾತು. ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿಕೊಂಡು ಬಂದವನು ನಾನು. ಬೆಂಗಳೂರಿಗೆ ಹೋದ ಹೊಸದರಲ್ಲಿ ನಮ್ಮ ಕಡೆಯ ಮಕ್ಕಳು ಹೆಚ್ಚುಕಮ್ಮಿ ಹೀಗೇ ಹೇಳುತ್ತಾರೆ. ‘ಅದೇನು ಮಹಾ ಸರ್, ನಾಲ್ಕು ಮರ, ಎರಡು ಬೆಂಚು.’ ಮಳೆಗಾಲದಲ್ಲಿ ಕೊಡಚಾದ್ರಿ ದಾರಿ ನೋಡಿದ ಕಣ್ಣಿಗೆ ಹಾಗೆ ಅನಿಸುವುದು ಸಹಜ. ಪಾರ್ಕನ್ನು ಸಣ್ಣ ಕಾಡು ಅಂದುಕೊಂಡು ಹೋದರೆ ಬೇಜಾರಾಗಿಯೇ ಬರುತ್ತೀರಿ. ಕಾಡಿನ ಮರ ತಾನಾಗಿ ಹುಟ್ಟಿದ್ದು. ಪಾರ್ಕಿನ ಮರವನ್ನು ಯಾರೋ ಎಲ್ಲಿಂದಲೋ ತಂದು, ಇದು ಇಲ್ಲೇ ಇರಲಿ ಅಂತ ನೆಟ್ಟಿದ್ದಾರೆ. ಯಾರು ತಂದರು, ಯಾವಾಗ, ಯಾಕೆ ಅಂತ ಕೇಳಿಕೊಂಡು ನಡೆದರೆ ಪಾರ್ಕಲ್ಲಿ ಮರಕ್ಕಿಂತ ಜಾಸ್ತಿ ಮನುಷ್ಯರೇ ಕಾಣುತ್ತಾರೆ.

ಲಾಲ್‌ಬಾಗ್‌ನಿಂದಲೇ ಶುರು ಮಾಡಿ. ಹಸಿರು ಮೆಟ್ರೋದಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ, ಇಳಿದರೆ ಪಕ್ಕದಲ್ಲೇ ತೋಟ. ಅದನ್ನು ಹೈದರಾಲಿ ಶುರು ಮಾಡಿಸಿದ್ದು 1760ರಲ್ಲಿ. ಅದಾಗಿ ಮೂರೇ ವರ್ಷಕ್ಕೆ, 1763ರಲ್ಲಿ, ಅದೇ ಹೈದರ್ ನಿಮ್ಮ ಬಿದನೂರಿನ, ಅಂದರೆ ಈಗಿನ ನಗರದ, ಮೇಲೆ ಬಿದ್ದ. ಕೆಳದಿ ಅರಸರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅಂದರೆ ದೇವಗಂಗೆಯ ಕೊಳಗಳನ್ನು ಕಟ್ಟಿಸಿದ ಮನೆತನವನ್ನು ಸೋಲಿಸಿದವನೇ ಈ ತೋಟವನ್ನೂ ಮಾಡಿಸಿದ. ದೇವಗಂಗೆಯ ಮೆಟ್ಟಿಲ ಮೇಲೆ ಕೂತು ಕಾಲು ನೆನೆಸಿಕೊಂಡು ಬೆಳೆದವರು ನೀವು. ಲಾಲ್‌ಬಾಗ್‌ನಲ್ಲಿ ನಿಂತಾಗ ಇದು ನೆನಪಿಗೆ ಬಂದರೆ ಆ ಜಾಗ ಬೇರೆಯೇ ಕಾಣುತ್ತದೆ.

ಒಳಗೆ ಹೋದವರೆಲ್ಲ ಗಾಜಿನ ಮನೆ ಹುಡುಕುತ್ತಾರೆ. ಅದಕ್ಕೆ ಅಡಿಗಲ್ಲು ಹಾಕಿದ್ದು 1889ರಲ್ಲಿ, ಜಾನ್ ಕ್ಯಾಮರಾನ್ ತೋಟ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಚೆನ್ನಾಗಿದೆ, ನೋಡಿ. ಆದರೆ ನಾನಾಗಿದ್ದರೆ ಮೊದಲು ಬಂಡೆ ಹತ್ತುತ್ತಿದ್ದೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ನಾವು ಕಾಲಿಡಬಹುದಾದ ತೀರ ಹಳೆಯ ಕಲ್ಲುಗಳ ಪೈಕಿ ಅದೂ ಒಂದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಓಡಾಡಿ ಬೆಳೆದ ನಮಗೆ ಆ ಬೋಳು ಬಂಡೆ ಹೊಸದು. ಸಂಜೆ ಅಲ್ಲಿ ಜನ ಜಾತ್ರೆ. ಬೆಳಗ್ಗೆ ಏಳಕ್ಕೆ ಹೋದರೆ ನಿಮ್ಮದೇ.

ಕ್ಯಾಮರಾನ್ ನಂತರ 1908ರಲ್ಲಿ ಬಂದವರು ಕ್ರುಂಬಿಗಲ್, ಜರ್ಮನಿಯವರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದವರು. 1932ರವರೆಗೆ ಇಲ್ಲಿ ಕೆಲಸ ಮಾಡಿದರು. ಆಮೇಲೂ ಊರಿಗೆ ವಾಪಸ್ ಹೋಗಲಿಲ್ಲ, 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಬೀದಿ ಮರಗಳ ವಿಷಯದಲ್ಲಿ ಅವರದ್ದು ಒಂದು ಲೆಕ್ಕಾಚಾರ. ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಜಾತಿ ಅರಳಬೇಕು. ಊರು ಯಾವ ತಿಂಗಳಲ್ಲೂ ಬೋಳಾಗಿ ಕಾಣಬಾರದು. ಆ ಲೆಕ್ಕ ಈಗಲೂ ನಡೆಯುತ್ತಿದೆ. ವರ್ಷದ ಶುರುವಿನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಳದಿ ಟಬೂಬಿಯಾ, ಅದರ ಜೊತೆಗೇ ನೀಲಿ ಜಕರಂಡ. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್ ಕೆಂಪು, ಮಳೆಮರದ ತಿಳಿಗೆಂಪು. ಮಳೆ ಮುಗಿಯುತ್ತಾ ಬಂದಾಗ ಆಕಾಶ ಮಲ್ಲಿಗೆ. ಇದನ್ನು ಯಾವ ಕಣ್ಣಿಗೂ ಕಾಣದ ಮೂಲೆಯಲ್ಲಿ ಹುಡುಕಬೇಕಿಲ್ಲ. ಜಯನಗರದ ಬಸ್ ಸ್ಟಾಪಲ್ಲಿ ನಿಂತು ತಲೆ ಎತ್ತಿದರೆ ಸಾಕು.

ಇವುಗಳಲ್ಲಿ ಬಹಳಷ್ಟು ಮರ ಹೊರಗಿನವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಜಕರಂಡ, ಟಬೂಬಿಯಾ, ಮಳೆಮರ ಎಲ್ಲ ಅಮೆರಿಕ ಖಂಡದ ಕಡೆಯವು. ‘ಹಾಗಾದರೆ ನಮ್ಮೂರೇ ವಾಸಿ, ನಮ್ಮದೆಲ್ಲ ಸ್ವಂತದ್ದು’ ಅಂತ ಜಂಬ ಪಡುವ ಮೊದಲು ಶಿವಮೊಗ್ಗದಿಂದ ಹೊಸನಗರದ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ನೋಡಿ. ರಸ್ತೆ ಬದಿಯ ಅಕೇಶಿಯಾ ಆಸ್ಟ್ರೇಲಿಯಾದ್ದು. ಕಾಫಿ ತೋಟದ ಸಿಲ್ವರ್ ಓಕ್ ಕೂಡ ಅಲ್ಲಿಯದೇ. ಬೆಂಗಳೂರಿನ ಪಾರ್ಕಲ್ಲಿ ಹೀಗೆ ನೋಡುವುದನ್ನು ರೂಢಿ ಮಾಡಿಕೊಂಡರೆ ಊರಿಗೆ ಬಂದಾಗ ಊರಿನ ಕಾಡೂ ಬೇರೆ ಥರ ಕಾಣುತ್ತದೆ. ಯಾವುದು ಕಾಡು, ಯಾವುದು ನೆಡುತೋಪು ಅಂತ ಆಗ ಗೊತ್ತಾಗುತ್ತದೆ.

ಇನ್ನು ಹೇಗೆ ಸುತ್ತಬೇಕು ಅನ್ನುವುದು. ‘ಬೆಂಗಳೂರಲ್ಲಿ ನೋಡಲೇಬೇಕಾದ ಐವತ್ತು ಜಾಗ’ ಅಂತ ಪಟ್ಟಿಗಳು ಸಿಗುತ್ತವೆ. ಅದು ಎರಡು ದಿನಕ್ಕೆ ಬಂದು ಹೋಗುವವರಿಗೆ. ನಿಮಗೆ ಎರಡು ವರ್ಷ ಇದೆ. ಮೂರು, ನಾಲ್ಕು ಜಾಗ ಆರಿಸಿಕೊಳ್ಳಿ. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಮೊದಲ ಸಲ ಹೋದಾಗ ಬೋರ್ಡು, ಗೇಟು, ಟಿಕೆಟ್ ಇಷ್ಟೇ ಕಣ್ಣಿಗೆ ಬೀಳುವುದು. ಆಮೇಲಾಮೇಲೆ ಯಾವ ಬೆಂಚಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ, ಕೆರೆಯಲ್ಲಿ ಪೆಲಿಕನ್ ಎಲ್ಲಿ ಕೂರುತ್ತದೆ ಅಂತ ತಿಳಿಯುತ್ತದೆ. ಸೌತೆಕಾಯಿ ಮಾರುವ ಅಮ್ಮ ನಿಮ್ಮನ್ನು ನೋಡಿ ‘ಹೋದ ವಾರ ಬರ್ಲಿಲ್ವಾ?’ ಅಂತ ಕೇಳುತ್ತಾರೆ. ಹೊಸ ಊರಲ್ಲಿ ಒಬ್ಬರೇ ಇರುವ ಹುಡುಗಿಗೆ ಆ ಒಂದು ಮಾತು ಐವತ್ತು ಜಾಗಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತದೆ.

ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹಕ್ಕಿ ನೋಡುವವರು ಗಾಜಿನ ಮನೆ ಹತ್ತಿರ ಸೇರುವ ಹಳೆಯ ರೂಢಿ ಇದೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ನೋಡಿದ ಅಭ್ಯಾಸ ನಿಮಗಿದ್ದರೆ ಸಲೀಸಾಗಿ ಸೇರಿಕೊಳ್ಳಬಹುದು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ರಜೆ ದಿನ ಹೋಗಬೇಡಿ. ಹೂವಿಗಿಂತ ತಲೆಗಳೇ ಜಾಸ್ತಿ.

ಕಬ್ಬನ್ ಪಾರ್ಕ್ ಬೇರೆ ಥರ. 1870ರಲ್ಲಿ ರಿಚರ್ಡ್ ಸ್ಯಾಂಕಿ ಮಾಡಿಸಿದ್ದು. ಇದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ, ಆದರೆ ಆ ಹೆಸರು ಹೇಳಿದರೆ ಆಟೋದವರು ನಿಮ್ಮ ಮುಖ ನೋಡುತ್ತಾರೆ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ನಡುರಸ್ತೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ. ಶನಿವಾರ ಬೆಳಗ್ಗೆ ಒಂದಷ್ಟು ಜನ ಚಾಪೆ, ಪುಸ್ತಕ ತಂದು ಮರದ ಕೆಳಗೆ ಸುಮ್ನೆ ಓದುತ್ತಾ ಕೂರುತ್ತಾರೆ. ಕಬ್ಬನ್ ರೀಡ್ಸ್ ಅಂತ ಹೆಸರು, 2023ರಿಂದ ನಡೆಯುತ್ತಿದೆ. ಯಾರೂ ಯಾರನ್ನೂ ಮಾತಾಡಿಸಬೇಕಿಲ್ಲ. ಸಂಕೋಚದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕ್ಲಾಸಿಲ್ಲದ ಶನಿವಾರ ಹೋಗಿ ನೋಡಿ. ಪಾರ್ಕಿನೊಳಗಿನ ಕೆಂಪು ಕಟ್ಟಡ ರಾಜ್ಯ ಕೇಂದ್ರ ಗ್ರಂಥಾಲಯ, 1915ರದ್ದು.

ಪಾರ್ಕಿನ ಅಂಚಿನಲ್ಲೇ, ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಶುರುವಾದದ್ದು 1865ರಲ್ಲಿ. ತೆರೆದಿದೆಯೋ ಇಲ್ಲವೋ ವಿಚಾರಿಸಿಕೊಂಡೇ ಹೊರಡಿ. ಒಳಗೆ ಹೋಗಲು ಸಿಕ್ಕರೆ ಬೇರೆಲ್ಲ ಆಮೇಲೆ ನೋಡಿ, ಮೊದಲು ಆತಕೂರಿನ ವೀರಗಲ್ಲು ಹುಡುಕಿ. ಅದು ಒಂದು ನಾಯಿಗೆ ನಿಲ್ಲಿಸಿದ ಕಲ್ಲು. ನಾಯಿಯ ಹೆಸರು ಕಾಳಿ. ಹತ್ತನೇ ಶತಮಾನದ ನಡುವಿನಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧವಾಯಿತು. ರಾಷ್ಟ್ರಕೂಟರ ಪರ ಗಂಗರ ರಾಜ ಬೂತುಗ ಇದ್ದ. ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ಏನು ಬೇಕು ಕೇಳು ಅಂದರೆ ಆತ ಕೇಳಿದ್ದು ಊರಲ್ಲ, ಹೊನ್ನಲ್ಲ, ರಾಜನ ಈ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಕಾದಾಡಿ ಎರಡೂ ಸತ್ತವು. ಕಲ್ಲಿನ ಮೇಲೆ ಆ ಕಾಳಗವನ್ನು ಕೆತ್ತಿದ್ದಾರೆ. ಗದ್ದೆಗೆ ನುಗ್ಗುವ ಹಂದಿಯ ಕಾಟ ಏನು, ಅದನ್ನು ಓಡಿಸುವ ನಾಯಿ ಎಂಥದು ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾ? ನಿಮ್ಮ ಪಕ್ಕ ನಿಂತ ಐಟಿ ಕಂಪನಿಯ ಹುಡುಗನಿಗಿಂತ ಆ ಕಲ್ಲು ನಿಮಗೆ ಬೇಗ ಅರ್ಥವಾಗುತ್ತದೆ.

ಅದರ ಪಕ್ಕದಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯ, 1962ರಲ್ಲಿ ತೆರೆದದ್ದು. ರಜೆಯಲ್ಲಿ ಮಕ್ಕಳ ಗದ್ದಲ ಜಾಸ್ತಿ. ಅಲ್ಲಿನ ಯಂತ್ರಗಳ ಮುಂದೆ ನಿಂತಾಗ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಕಲ್ಲಿದ್ದಲು ಇರಲಿಲ್ಲ, ನಮ್ಮ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಿಂದ ಅದರ ಕುಲುಮೆ ಉರಿಯಿತು. ಎರಡನೆಯದು ಕರೆಂಟ್. ಬೆಂಗಳೂರಿಗೆ ಅದು ಮೊದಲು ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಊರು ಬೆಳೆದ ಮೇಲೆ ಅದು ಸಾಲದಾಯಿತು, ಶರಾವತಿ ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು ನೀರಿನ ಕೆಳಗೆ ಹೋದವು. ನಿಮ್ಮ ನೆಂಟರಲ್ಲೇ ಮುಳುಗಡೆಯವರು ಇದ್ದಾರು. ಇದನ್ನು ಯಾಕೆ ಹೇಳಿದೆ ಅಂದರೆ, ನೀವು ಬರೆದ ಆ ಸಂಕೋಚ. ಬೆಂಗಳೂರಲ್ಲಿ ನೀವು ಯಾರದೋ ಮನೆಗೆ ಬಂದ ನೆಂಟರಲ್ಲ. ಆ ಊರಿನ ದೀಪದಲ್ಲಿ ನಿಮ್ಮೂರಿನ ಪಾಲೂ ಇದೆ.

ಸಂಕೋಚದ ವಿಷಯಕ್ಕೇ ಬರೋಣ. ನಮ್ಮ ಕಡೆಯ ಮಕ್ಕಳಿಗೆ ಆರ್ಟ್ ಗ್ಯಾಲರಿ ಬಾಗಿಲಲ್ಲಿ ಕಾಲು ತಡೆಯುತ್ತದೆ. ಒಳಗಿರುವವರೆಲ್ಲ ಇಂಗ್ಲಿಷ್ ಮಾತಾಡುತ್ತಾರೆ, ಬಟ್ಟೆ ಬೇರೆ ಥರ, ಚಿತ್ರ ನೋಡಿ ಏನು ಹೇಳಬೇಕೋ ಗೊತ್ತಿಲ್ಲ. ಏನೂ ಹೇಳಬೇಕಿಲ್ಲ. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಇದೆ, 2009ರಲ್ಲಿ ಶುರುವಾದದ್ದು. ಸೋಮವಾರ ರಜೆ. ಒಳಗೆ ಹೋಗಿ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಂತು ಬನ್ನಿ, ಹಿಡಿಸದಿದ್ದರೆ ಅಂಗಳದ ಮರಗಳ ಕೆಳಗೆ ಕೂತು ಬನ್ನಿ. ಯಾರೂ ಪರೀಕ್ಷೆ ಮಾಡುವುದಿಲ್ಲ. ಅದೂ ಕಷ್ಟ ಅನಿಸಿದರೆ ಜನವರಿವರೆಗೆ ಕಾಯಿರಿ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ಮಾಡುತ್ತಾರೆ. ಅವತ್ತು ಚಿತ್ರಗಳೇ ಬೀದಿಗೆ ಬರುತ್ತವೆ, ಬರೆದವರೂ ಪಕ್ಕದಲ್ಲೇ ಕೂತಿರುತ್ತಾರೆ. ಕನ್ನಡದಲ್ಲೇ ಮಾತಾಡಿಸಬಹುದು.

ನಾಟಕಕ್ಕಂತೂ ನೀವು ಸಂಕೋಚ ಪಡುವುದರಲ್ಲಿ ಅರ್ಥವೇ ಇಲ್ಲ. ನಿಮ್ಮ ಪಕ್ಕದ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಈ ರಾಜ್ಯದ ರಂಗಭೂಮಿಗೆ ಎಷ್ಟು ನಟರನ್ನು ಕೊಟ್ಟಿದೆ ಗೊತ್ತಲ್ವಾ. ಬೆಂಗಳೂರಿನ ರಂಗದ ಮೇಲೆ ನೀವು ನೋಡುವ ಹಲವರು ಅಲ್ಲಿ ಅನ್ನ ಉಂಡು ಕಲಿತವರೇ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಯಿತು, ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ್ದು. ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ನಾಟಕ. ಒಂದೇ ಷರತ್ತು: ಬಾಗಿಲು ಹಾಕಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಅಂದರೂ ಅಷ್ಟೇ, ಅತ್ತರೂ ಅಷ್ಟೇ. ನಿಮ್ಮ ಪಿ.ಜಿ. ಗೇಟು ರಾತ್ರಿ ಬೇಗ ಹಾಕುವುದಾದರೆ ಭಾನುವಾರ ಮಧ್ಯಾಹ್ನದ ಆಟ ಇದೆಯಾ ನೋಡಿ ಅದಕ್ಕೇ ಹೋಗಿ. ಸ್ವಲ್ಪ ಮುಂಚೆ ಹೋದರೆ ಅಲ್ಲಿನ ಸಾಬೂದಾನ ವಡೆ ತಿನ್ನಲೂ ಹೊತ್ತು ಸಿಗುತ್ತದೆ. ಒಬ್ಬರೇ ಹೋಗಲು ನಾಟಕದಂಥ ಜಾಗ ಇನ್ನೊಂದಿಲ್ಲ. ದೀಪ ಆರಿದ ಮೇಲೆ ಪಕ್ಕದಲ್ಲಿ ಯಾರಿದ್ದರೇನು, ಇಲ್ಲದಿದ್ದರೇನು.

ಊರಲ್ಲಿ ಮಳೆ ಹಿಡಿದರೆ ಯಕ್ಷಗಾನ ನಿಲ್ಲುತ್ತದೆ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದೇ ಹೊತ್ತಿಗೆ ಬೆಂಗಳೂರಲ್ಲಿ ಆಟಗಳು ಶುರು. ನಮ್ಮ ಕಡೆಯ, ಕರಾವಳಿಯ ಕಲಾವಿದರು ಜೂನ್‌ನಿಂದ ಅಲ್ಲಿಗೆ ಬಂದು ರವೀಂದ್ರ ಕಲಾಕ್ಷೇತ್ರದಂಥ ಕಡೆ ಆಡುತ್ತಾರೆ. ಒಂದು ಆಟಕ್ಕೆ ಹೋಗಿ ನೋಡಿ. ಸಭೆಯಲ್ಲಿ ಅರ್ಧ ಜನ ಸಾಗರ, ಶಿರಸಿ, ಕುಂದಾಪುರದವರು. ವಿರಾಮದಲ್ಲಿ ‘ನಿಮ್ಮದು ಎಲ್ಲಿ ಆಯ್ತು?’ ಅಂತ ಯಾರಾದರೂ ಕೇಳದೆ ಬಿಡುವುದಿಲ್ಲ. ಊರಿನ ಹೆಸರು ಹೇಳಿದರೆ ಸಾಕು, ಸಂಬಂಧ ಹುಡುಕಿಯೇ ಕಳಿಸುತ್ತಾರೆ.

ಕಾಲ್ನಡಿಗೆಗೆ ಬಸವನಗುಡಿ. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ಗಾಂಧಿ ಬಜಾರ್ ಹಿಡಿಯಿರಿ. ಹೂವಿನ ಅಂಗಡಿ, ಅಂಕಿತ ಪುಸ್ತಕ, 1943ರಿಂದ ದೋಸೆ ಹೊಯ್ಯುತ್ತಿರುವ ವಿದ್ಯಾರ್ಥಿ ಭವನ. ಶುಕ್ರವಾರ ಅದು ರಜೆ, ಭಾನುವಾರ ಕ್ಯೂ. ಮುಂದೆ ದೊಡ್ಡ ಬಸವಣ್ಣ, ಪಕ್ಕದ ಬ್ಯೂಗಲ್ ರಾಕ್ ಮರಗಳಲ್ಲಿ ತಲೆಕೆಳಗಾಗಿ ಜೋತ ಬಾವಲಿಗಳು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಕ್ಲಾಸ್ ತಪ್ಪಿಸಬಹುದಾದ ಸೋಮವಾರ ಅಂತ ನಾನು ಮೇಷ್ಟ್ರಾಗಿ ಹೇಳುವಂತಿಲ್ಲ, ಸಂಜೆ ಹೋಗಿ. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಸಂಜೆ ಉಪನ್ಯಾಸ, ಸಂಗೀತ ನಡೆಯುತ್ತಿರುತ್ತವೆ. 1945ರಿಂದ ಇರುವ ಜಾಗ ಅದು. ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರಬಹುದು.

ಖರ್ಚಿನ ಮಾತು ಚಿಕ್ಕದು. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿ.ಎಂ.ಟಿ.ಸಿ. ಬಸ್ಸು ನಿಮಗೆ ಉಚಿತ, ಆಧಾರ್ ಕಾರ್ಡ್ ಬ್ಯಾಗಲ್ಲಿರಲಿ. ನೀರಿನ ಬಾಟಲಿ, ಛತ್ರಿ, ಬಿಸ್ಕತ್ತು ಮನೆಯಿಂದಲೇ ಒಯ್ದರೆ ಬೆಳಗಿನ ಸುತ್ತಾಟಕ್ಕೆ ನೂರು ರೂಪಾಯಿ ಮುರಿಯುವುದೂ ಕಷ್ಟ. ಪಾರ್ಕುಗಳಿಗೆ ಬೆಳಗ್ಗೆ ಹೋಗಿ. ಕತ್ತಲಾದ ಮೇಲೆ ಒಳದಾರಿಗಳಲ್ಲಿ ಒಬ್ಬರೇ ಬೇಡ. ಎಲ್ಲಿಗೆ ಹೋಗುತ್ತೀರಿ ಅಂತ ರೂಮ್‌ಮೇಟ್‌ಗೆ ಹೇಳಿ ಹೊರಡಿ. ಅವರು ಮಾಲ್‌ಗೆ ಕರೆದರೆ ಒಮ್ಮೊಮ್ಮೆ ಹೋಗಿ ಬನ್ನಿ, ಜಗಳ ಯಾಕೆ. ಇನ್ನೊಂದು ವಾರ ಅವರನ್ನು ನೀವು ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿ. ಹೊರ ರಾಜ್ಯದವರಾದರೆ ಊರು ತೋರಿಸುವವರು ನೀವೇ ಆಗುತ್ತೀರಿ.

ಅಪ್ಪ, ಅಮ್ಮನ ವಿಷಯ. ಅಪ್ಪನಿಗೆ ಖಂಡಿತ ಹಿಡಿಸುವುದು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳ. ಆದರೆ ಅದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಆಗ ನಿಮ್ಮಲ್ಲಿ ಅಡಿಕೆ ಗೊನೆ ಕೊಯ್ಲು. ಚಪ್ಪರದಲ್ಲಿ ಅಡಿಕೆ ಒಣಗುತ್ತಿರುವಾಗ ತೋಟದವರು ಊರು ಬಿಡುತ್ತಾರಾ? ಆಗಸ್ಟ್‌ನ ಹೂವಿನ ಪ್ರದರ್ಶನದ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಚಿಂತೆ. ಹಾಗಾಗಿ ಬೇಸಿಗೆಯಲ್ಲಿ ಕರೆಸಿಕೊಳ್ಳಿ. ರಾಮನವಮಿ ಹೊತ್ತಿಗೆ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಛೇರಿ ಅಮ್ಮನಿಗೆ ಆಗುತ್ತದೆ, 1939ರಿಂದ ನಡೆದು ಬಂದದ್ದು. ಚೈತ್ರದ ಹುಣ್ಣಿಮೆಗೆ ತಿಗಳರಪೇಟೆಯಲ್ಲಿ ಕರಗ. ನಡುರಾತ್ರಿ ದಾಟಿದ ಮೇಲೆ ಹೊರಡುತ್ತದೆ, ದಾರಿಯಲ್ಲಿ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ನೂಕುನುಗ್ಗಲು ವಿಪರೀತ, ವಯಸ್ಸಾದವರಿಗೆ ತಡೆಯುತ್ತದಾ ನೋಡಿಕೊಳ್ಳಿ.

ರಾತ್ರಿ ಬಸ್ಸಲ್ಲಿ ಬಂದವರನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಂಡರೆ ಮುಖ ತೊಳೆಸಿ, ಕಾಫಿ ಕುಡಿಸಿ, ಮೊದಲು ಕೆ.ಆರ್. ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಹೂವಿನ ರಾಶಿ ನೋಡಬೇಕಾದದ್ದು ಬೆಳಗಿನ ಆ ಹೊತ್ತಲ್ಲೇ. ಅಪ್ಪ ವೀಳ್ಯದೆಲೆ ಕಟ್ಟಿನ ರೇಟು ಕೇಳಿಯೇ ಕೇಳುತ್ತಾರೆ, ಕೇಳಲಿ, ಅವಸರ ಮಾಡಬೇಡಿ. ಅಲ್ಲಿಂದ ತಿಂಡಿ ಮುಗಿಸಿ, ಬಿಸಿಲೇರುವ ಮುಂಚೆ ಲಾಲ್‌ಬಾಗ್. ಮೇ ಕೊನೆಯ ಸುಮಾರಿಗೆ ಬಂದರೆ ಅಲ್ಲಿ ಮಾವಿನ ಮೇಳವೂ ಇರುತ್ತದೆ. ಹಣ್ಣು ಕೊಳ್ಳುವಾಗ ಅಮ್ಮನಿಗೆ ಮಾತ್ರ ಬೆಲೆ ಕೇಳಿಸದ ಹಾಗೆ ನೋಡಿಕೊಳ್ಳಿ. ಹಿತ್ತಲಲ್ಲಿ ಉದುರಿ ಕೊಳೆಯುವ ಹಣ್ಣನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಲು ನಮ್ಮ ಕಡೆಯ ಯಾವ ಅಮ್ಮನೂ ಒಪ್ಪುವುದಿಲ್ಲ.